ಲಿಲ್ಲಿ ಎಂಬ ಹೆಸರಿನಲ್ಲಿ ಬಂದ ಗೆಡ್ಡೆ: ಹೊಳಲ್ಕೆರೆ ಸೀಮೆಯ ಐದು ಗುಂಟೆಯ ಒಂದು ಪ್ರಕರಣ

ಹೊಳಲ್ಕೆರೆ ತಾಲ್ಲೂಕಿನ ರೈತರೊಬ್ಬರು ಎರಡು ವರ್ಷದ ಹಿಂದೆ, ಮೇ ತಿಂಗಳ ಒಂದು ಮಧ್ಯಾಹ್ನ, ಚಿತ್ರದುರ್ಗದ ನಮ್ಮ ಮನೆಗೆ ಬಂದು, ಈರುಳ್ಳಿ ತುಂಬುವ ಬಲೆಚೀಲದಿಂದ ನಾಲ್ಕು ಗೆಡ್ಡೆಗಳನ್ನು ತೆಗೆದು ಜಗಲಿಯ ಮೇಲಿಟ್ಟರು. ಅವರ ಅಣ್ಣ ನನ್ನ ಹಳೆಯ ವಿದ್ಯಾರ್ಥಿ. ನಾನು ಸಸ್ಯಶಾಸ್ತ್ರದ ಪಾಠ ಹೇಳಿ ನಿವೃತ್ತನಾದವನು. ಗೆಡ್ಡೆಯ ಜೊತೆಗೆ ಒಂದು ಬಣ್ಣದ ಕರಪತ್ರವೂ ಇತ್ತು. ಅದರಲ್ಲಿ ಇವನ್ನು ‘ಔಷಧ ಲಿಲ್ಲಿ ಗೆಡ್ಡೆ’ ಎಂದು ಕರೆದು, ಒಣಕೆಮ್ಮು, ಎದೆಯುರಿ, ನಿದ್ರಾಹೀನತೆ ಇವಕ್ಕೆಲ್ಲ ಪೂರ್ವದೇಶಗಳಲ್ಲಿ ಸಾವಿರಾರು ವರ್ಷಗಳಿಂದ ಬಳಕೆಯಲ್ಲಿರುವ ಮದ್ದು ಎಂದೂ, ಅರ್ಧ ಎಕರೆಗೆ 400 ಕಿಲೋ ಬಿತ್ತನೆ ಗೆಡ್ಡೆ ಕೊಂಡವರ ಬೀಜವನ್ನೆಲ್ಲ ತಾವೇ ಮರಳಿ ಕೊಳ್ಳುತ್ತೇವೆಂದೂ ಬರೆದಿತ್ತು. ಕರಪತ್ರ ಕೊಟ್ಟ ಏಜೆಂಟರಿಗೆ ರೈತರು ಆಗಲೇ ಮುಂಗಡ ಕೊಟ್ಟಾಗಿತ್ತು. ಅವರು ನನ್ನಲ್ಲಿಗೆ ಬಂದದ್ದು ಬೆಳೆ ಹಾಕಬೇಕೋ ಬೇಡವೋ ಎಂದು ಕೇಳಲು ಅಲ್ಲ; ನಮ್ಮ ಕೆಂಪು ಮಣ್ಣಿಗೆ ಇದು ಒಗ್ಗುತ್ತದೆಯೇ ಎಂದಷ್ಟೇ ಕೇಳಲು.

ಮಣ್ಣಿನ ಪ್ರಶ್ನೆಗೆ ಮೊದಲು ಹೆಸರಿನ ಪ್ರಶ್ನೆ ಬಗೆಹರಿಯಬೇಕಾಗಿತ್ತು. ಒಳಗಿನಿಂದ ಒಂದು ಈರುಳ್ಳಿ, ಒಂದು ಚಾಕು ತರಿಸಿ ಎರಡನ್ನೂ ಅವರ ಎದುರಿಗೇ ಕೊಯ್ದೆ. ಈರುಳ್ಳಿ ಪದರ ಪದರವಾಗಿ ಬಿಚ್ಚಿಕೊಂಡಿತು. ಅವರು ತಂದ ಗೆಡ್ಡೆ ಬೆರಳು ದಪ್ಪದ, ನೇಗಿಲಿನಂತೆ ಬಾಗಿದ ಎರಡು ಕವಲುಗಳಿದ್ದ, ಕಂದು ಸಿಪ್ಪೆಯ ವಸ್ತು. ಕೊಯ್ದರೆ ಒಳಗೆ ಗೆಣಸಿನಂತೆ ಒಂದೇ ಬಿಳಿ ತಿರುಳು, ಪದರದ ಸುಳಿವೇ ಇಲ್ಲ. ಲಿಲ್ಲಿಯ ನಿಜವಾದ ಗೆಡ್ಡೆ ಈರುಳ್ಳಿಯ ಜಾತಿಯದು, ಅಂದರೆ ದಪ್ಪ ಎಸಳುಗಳು ಒಂದು ತಟ್ಟೆಯ ಮೇಲೆ ಕೂಡಿಕೊಂಡು ಆದದ್ದು. ವ್ಯತ್ಯಾಸವೆಂದರೆ ಈರುಳ್ಳಿಗಿರುವ ಕಾಗದದಂತಹ ಹೊರಸಿಪ್ಪೆ ಅದಕ್ಕಿರುವುದಿಲ್ಲ, ಸುಲಿದ ಬೆಳ್ಳುಳ್ಳಿಯನ್ನು ಸಡಿಲವಾಗಿ ಕಟ್ಟಿಟ್ಟಂತೆ ಎಸಳುಗಳು ಹೊರಗೇ ಕಾಣುತ್ತವೆ. ಈರುಳ್ಳಿ ಬೆಳೆಯುವ ಜಿಲ್ಲೆಯ ರೈತನಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಲಿಲ್ಲ.

ಅವರು ತಂದದ್ದು ಗ್ಲೋರಿಯೋಸ ಸುಪರ್ಬ. ಆಂಗ್ಲರು ಇದನ್ನು ಗ್ಲೋರಿ ಲಿಲ್ಲಿ ಎಂದರು. ಹಿಂದಿನ ಸಸ್ಯಶಾಸ್ತ್ರಜ್ಞರು ಲಿಲ್ಲಿಯ ಕುಟುಂಬದಲ್ಲೇ ಇಟ್ಟಿದ್ದರು. ಈಗ ಕಾಲ್ಚಿಕೇಸಿ ಎಂಬ ಬೇರೆ ಕುಟುಂಬಕ್ಕೆ ಸೇರಿಸಿದ್ದಾರೆ. ಸಂಸ್ಕೃತದಲ್ಲಿ ಲಾಂಗಲಿ, ಅಗ್ನಿಶಿಖೆ. ಲಾಂಗಲ ಎಂದರೆ ನೇಗಿಲು, ಗೆಡ್ಡೆಯ ಆಕಾರದಿಂದ ಬಂದ ಹೆಸರು. ಕನ್ನಡದಲ್ಲಿ ಅಕ್ಕತಂಗಿ ಬಳ್ಳಿ, ಕರಡಿಕಣ್ಣಿನ ಗೆಡ್ಡೆ, ಶಿವಶಕ್ತಿ ಬಳ್ಳಿ. ಭಾದ್ರಪದದ ಹೊತ್ತಿಗೆ ಬೇಲಿಸಾಲಿನಲ್ಲಿ ಅರಳುವುದರಿಂದ ಕೆಲವೆಡೆ ಗೌರಿ ಹೂ. ತಮಿಳುನಾಡಿನವರು ಸೆಂಗಾಂದಳ್ ಎಂದು ಕರೆದು ರಾಜ್ಯದ ಹೂವಾಗಿ ಮಾಡಿಕೊಂಡಿದ್ದಾರೆ, ಕರೂರು, ದಿಂಡಿಗಲ್, ತಿರುಪ್ಪೂರು ಜಿಲ್ಲೆಗಳಲ್ಲಿ ಹೊಲದ ಬೆಳೆಯಾಗಿಯೂ ಬೆಳೆಯುತ್ತಾರೆ. ಏಜೆಂಟರ ಗೆಡ್ಡೆ ಬಂದದ್ದೂ ಅತ್ತಲಿಂದಲೇ.

ಕರಪತ್ರದ ಔಷಧಗುಣಗಳಾದರೋ ಈ ಗಿಡದವಲ್ಲ. ಒಣಕೆಮ್ಮಿಗೆ, ನಿದ್ರೆಗೆ ಕೊಡುವ ಲಿಲ್ಲಿ ಗೆಡ್ಡೆ ಚೀನೀ ವೈದ್ಯದ್ದು. ಅಲ್ಲಿ ಅದನ್ನು ಬೈಹೆ ಎನ್ನುತ್ತಾರೆ. ಲಿಲಿಯಂ ಕುಲದ ಎರಡು ಮೂರು ಪ್ರಭೇದಗಳ ಎಸಳುಗಳನ್ನು ಬಿಡಿಸಿ, ಬಿಸಿನೀರಿನಲ್ಲಿ ಅದ್ದಿ, ಒಣಗಿಸಿ ಮದ್ದಿಗೆ ಬಳಸುತ್ತಾರೆ. ಗಾನ್ಸು ಪ್ರಾಂತ್ಯದ ಲಾನ್‌ಝೌ ಸುತ್ತಿನ, ಸಮುದ್ರಮಟ್ಟದಿಂದ ಸುಮಾರು 2000 ಮೀಟರ್ ಎತ್ತರದ ಗುಡ್ಡಗಳಲ್ಲಿ ಬೆಳೆಯುವ ಸಿಹಿ ಲಿಲ್ಲಿಯನ್ನು ತರಕಾರಿಯಾಗಿ ಹುರಿದೂ ತಿನ್ನುತ್ತಾರೆ, ಗಂಜಿಗೂ ಹಾಕುತ್ತಾರೆ. ನಮ್ಮ ಆಯುರ್ವೇದದ ಅಷ್ಟವರ್ಗ ಎಂಬ ಎಂಟು ಮೂಲಿಕೆಗಳ ಗುಂಪಿನಲ್ಲಿ ಬರುವ ಕ್ಷೀರಕಾಕೋಲಿಯನ್ನು ಹಿಮಾಲಯದ ಲಿಲಿಯಂ ಪಾಲಿಫಿಲಂ ಎಂದು ಗುರುತಿಸುತ್ತಾರೆ. ಅದು ಅಗೆತದಿಂದಾಗಿ ಕಾಡಿನಲ್ಲೇ ಅಪರೂಪವಾಗಿದೆ. ಇವೆಲ್ಲ ತಂಪು ನಾಡಿನ ಗಿಡಗಳು. ಗೆಡ್ಡೆ ಕೆಲವು ವಾರಗಳಾದರೂ ಚಳಿಯಲ್ಲಿ ಕಳೆಯದಿದ್ದರೆ ಮುಂದಿನ ಸಲ ಸರಿಯಾಗಿ ಹೂ ಬಿಡುವುದಿಲ್ಲ. ಬೇಸಿಗೆಯಲ್ಲಿ 38 ಡಿಗ್ರಿ ಮುಟ್ಟುವ ನಮ್ಮ ಜಿಲ್ಲೆಯ ಬಯಲಿನಲ್ಲಿ ಅವನ್ನು ಹೊಲದ ಬೆಳೆಯಾಗಿ ತೆಗೆಯುವ ಮಾತೇ ಇಲ್ಲ. ಬೆಂಗಳೂರಿನ ಹೂವಂಗಡಿಯಲ್ಲಿ ಕಾಣುವ ಲಿಲ್ಲಿಯೂ ಶೈತ್ಯಾಗಾರದಲ್ಲಿಟ್ಟ ಗೆಡ್ಡೆಯನ್ನು ನೆರಳುಮನೆಯಲ್ಲಿ ನೆಟ್ಟು ತೆಗೆದದ್ದು.

ಹೀಗೆ ಒಂದು ಗಿಡದ ಗುಣವನ್ನು ಇನ್ನೊಂದು ಗಿಡದ ಗೆಡ್ಡೆಗೆ ಅಂಟಿಸಿದ್ದರು. ಬರೆದವರು ತಿಳಿದೇ ಮಾಡಿದರೋ, ಲಿಲ್ಲಿ ಎಂಬ ಪದವನ್ನು ಫೋನಿನಲ್ಲಿ ಹುಡುಕಿ ಸಿಕ್ಕಿದ್ದನ್ನೆಲ್ಲ ಇಳಿಸಿಕೊಂಡರೋ ಹೇಳಲಾರೆ. ಎರಡನೆಯದೇ ಇರಬೇಕೆಂದು ನನ್ನ ಊಹೆ. ಆದರೆ ಫಲ ಒಂದೇ. ಕರಪತ್ರವನ್ನು ನಂಬಿದ ಮನೆಯವರು ಯಾರಾದರೂ ಕೆಮ್ಮು ಬಂದಾಗ ಈ ಗೆಡ್ಡೆಯನ್ನು ಬೇಯಿಸಿ ಕುಡಿದಿದ್ದರೆ, ಅದು ಸಾವಿನ ಪ್ರಕರಣವಾಗುತ್ತಿತ್ತು.

ಆ ಮಾತಿಗೆ ಲೆಕ್ಕವಿದೆ. ಈ ಗಿಡದ ಬೇರು, ಎಲೆ, ಹೂವು, ಬೀಜ ಎಲ್ಲದರಲ್ಲೂ ಕಾಲ್ಚಿಸಿನ್ ಎಂಬ ಕ್ಷಾರಸತ್ವವಿದೆ. ಗೆಡ್ಡೆಯಲ್ಲಿ ಸಾವಿರ ಪಾಲಿಗೆ ಕಡಿಮೆಯೆಂದರೂ ಒಂದು ಪಾಲು ಹಿಡಿದರೆ, 50 ಗ್ರಾಂ ತೂಕದ ಒಂದು ಬಿತ್ತನೆ ಗೆಡ್ಡೆಯಲ್ಲಿ 50 ಮಿಲಿಗ್ರಾಂ ಆಯಿತು. ದೇಹತೂಕದ ಕಿಲೋಗೆ 0.8 ಮಿಲಿಗ್ರಾಂ ಮೀರಿದರೆ ಬದುಕುವುದು ದುರ್ಲಭವೆಂದು ವೈದ್ಯರು ಹೇಳುತ್ತಾರೆ. 60 ಕಿಲೋ ತೂಗುವ ಮನುಷ್ಯನಿಗೆ ಅದು 48 ಮಿಲಿಗ್ರಾಂ. ಅಂದರೆ ಅಂಗೈಯಲ್ಲಿ ಹಿಡಿಯುವ ಒಂದು ಗೆಡ್ಡೆ ಸಾಕು, ಮಗುವಿಗಾದರೆ ಅದರ ತುಂಡು ಸಾಕು. ಬೇಯಿಸಿದರೆ ವಿಷ ಹೋಗುವುದಿಲ್ಲ. ಶ್ರೀಲಂಕಾದಲ್ಲಿ ಇದನ್ನು ಗೆಣಸೆಂದು ತಿಳಿದು ಬೇಯಿಸಿ ತಿಂದು ಸತ್ತವರ ವರದಿಗಳು ವೈದ್ಯಕೀಯ ಬರಹಗಳಲ್ಲಿ ಹಲವು ಇವೆ. ತಿಂದ ಕೆಲವು ಗಂಟೆಗಳಿಗೆ ವಾಂತಿಭೇದಿ ಶುರುವಾಗುತ್ತದೆ, ನೋಡುವವರು ಅದನ್ನು ಊಟದ ಕೆಡುಕೆಂದುಕೊಳ್ಳುತ್ತಾರೆ. ಒಂದು ದಿನ ಸುಧಾರಿಸಿದಂತೆಯೂ ಕಾಣಬಹುದು. ಆಮೇಲೆ ಮೂತ್ರಪಿಂಡ, ಮೂಳೆಯ ಮಜ್ಜೆ, ಹೃದಯ ಒಂದೊಂದಾಗಿ ಸೋಲುತ್ತವೆ. ಬದುಕಿ ಉಳಿದವರಿಗೆ ವಾರ ಎರಡು ವಾರದಲ್ಲಿ ತಲೆಗೂದಲು ಉದುರುತ್ತದೆ. ಡಯಾಲಿಸಿಸ್‌ನಿಂದ ತೆಗೆಯುವಂಥ ವಿಷವಲ್ಲ ಇದು. ಆದಕಾರಣ ತಿಂದದ್ದು ಗೊತ್ತಾದ ಕೂಡಲೇ, ವಾಂತಿಗೆ ಕಾಯದೆ, ಗೆಡ್ಡೆಯ ತುಂಡನ್ನೂ ಜೊತೆಗೆ ಹಿಡಿದು ದೊಡ್ಡಾಸ್ಪತ್ರೆಗೆ ಓಡಬೇಕು.

ಇದೇ ವಸ್ತು ಮದ್ದೂ ಹೌದೆನ್ನುವುದನ್ನು ರೈತರಿಗೆ ಹೇಳುವಾಗ ನನಗೆ ನನ್ನ ಪ್ರಯೋಗಶಾಲೆ ನೆನಪಾಯಿತು. ಈರುಳ್ಳಿಯ ಬೇರಿನ ತುದಿಯಲ್ಲಿ, ವಂಶಗುಣ ಹೊರುವ ವರ್ಣತಂತುಗಳನ್ನು ತೋರಿಸಬೇಕಾದರೆ, ಮೊದಲು ಆ ಬೇರನ್ನು ತೀರಾ ತೆಳುವಾದ ಕಾಲ್ಚಿಸಿನ್ ದ್ರಾವಣದಲ್ಲಿ ಎರಡು ಮೂರು ಗಂಟೆ ಅದ್ದಿಡುತ್ತಿದ್ದೆವು. ಕೋಶ ಎರಡಾಗುವಾಗ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ಎಳೆಗಳು ಕಟ್ಟಿಕೊಳ್ಳದಂತೆ ಅದು ತಡೆಯುತ್ತದೆ. ವಿಭಜನೆ ನಡುವಿನಲ್ಲೇ ನಿಂತುಬಿಡುತ್ತದೆ, ನಮಗೆ ಎಣಿಸಲು ಸಿಗುತ್ತದೆ. 1937ರಲ್ಲಿ ಇದೇ ಗುಣವನ್ನು ಬಳಸಿ ಗಿಡಗಳ ವರ್ಣತಂತುಗಳನ್ನು ಇಮ್ಮಡಿಗೊಳಿಸುವ ಉಪಾಯ ಹೊರಬಂದು, ತಳಿ ಅಭಿವೃದ್ಧಿಯ ದಾರಿಯೇ ಬದಲಾಯಿತು. ಕರುಳಿನ ಒಳಪದರ, ಮಜ್ಜೆ, ಕೂದಲಿನ ಬುಡ, ಹೀಗೆ ಎಲ್ಲೆಲ್ಲಿ ಕೋಶಗಳು ಬೇಗ ಬೇಗ ಒಡೆಯುತ್ತಿರುತ್ತವೆಯೋ ಅಲ್ಲಲ್ಲಿಯೇ ವಿಷ ಮೊದಲು ಕೈಯಿಡುವುದಕ್ಕೂ ಕಾರಣ ಇದೇ.

ಕಾಲ್ಚಿಸಿನ್ ಅನ್ನು 1820ರಲ್ಲಿ ಪ್ಯಾರಿಸ್‌ನ ಪೆಲ್ಟಿಯೇ ಮತ್ತು ಕಾವೆಂಟೂ ಯುರೋಪಿನ ಕಾಲ್ಚಿಕಂ ಎಂಬ ಗಿಡದಿಂದ ಬೇರ್ಪಡಿಸಿದರು; ಅದೇ ವರ್ಷ ಮಲೇರಿಯಾದ ಮದ್ದಾದ ಕ್ವಿನೈನ್ ಬೇರ್ಪಡಿಸಿದವರೂ ಅವರೇ. ಗೌಟ್ ಎಂಬ, ಕಾಲಿನ ಹೆಬ್ಬೆರಳು ಕೆಂಪಗೆ ಊದಿ ಹೊದಿಕೆ ತಾಗಿದರೂ ಚೀರುವಂತೆ ಮಾಡುವ ಸಂಧಿರೋಗಕ್ಕೆ ಇದರ ಮಾತ್ರೆ ಇಂದಿಗೂ ಕೊಡುತ್ತಾರೆ. ಒಂದು ಮಾತ್ರೆಯಲ್ಲಿರುವುದು ಅರ್ಧ ಮಿಲಿಗ್ರಾಂ. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹೃದಯಾಘಾತದ ಅಪಾಯ ತಗ್ಗಿಸಲೆಂದೂ ಇಷ್ಟೇ ಪ್ರಮಾಣಕ್ಕೆ ಒಪ್ಪಿಗೆ ಕೊಟ್ಟಿತು. ಸ್ನಾಯುಸೆಳೆತಕ್ಕೆ ಬರೆಯುವ ಥಯೋಕಾಲ್ಚಿಕೋಸೈಡ್ ಮಾತ್ರೆಗೂ ಮೂಲವಸ್ತು ಗ್ಲೋರಿಯೋಸದ ಬೀಜವೇ. ಗೆಡ್ಡೆಗಿಂತ ಬೀಜದಲ್ಲಿ ಸತ್ವ ಹೆಚ್ಚು; ಮಾರುಕಟ್ಟೆಗೆ ಬೇಕಾದದ್ದು ಬೀಜ, ಗೆಡ್ಡೆಯಲ್ಲ.

ಆಯುರ್ವೇದ ಲಾಂಗಲಿಯನ್ನು ಉಪವಿಷಗಳಲ್ಲಿ ಎಣಿಸುತ್ತದೆ. ಗೆಡ್ಡೆಯನ್ನು ಹೋಳು ಮಾಡಿ ಗೋಮೂತ್ರದಲ್ಲಿ ಒಂದು ಹಗಲು ಒಂದು ರಾತ್ರಿ ನೆನೆಸಿ ಶೋಧಿಸಿದ ಮೇಲಲ್ಲದೆ ಬಳಸುವುದಿಲ್ಲ. ಮೂಲವ್ಯಾಧಿಗೆ ಹೊರಗೆ ಹಚ್ಚುವ ಕಾಸೀಸಾದಿ ತೈಲದಲ್ಲಿ ಇದು ಸೇರುತ್ತದೆ. ಹೆರಿಗೆ ತಡವಾದಾಗ ಗೆಡ್ಡೆಯನ್ನು ಅರೆದು ಅಂಗೈ ಅಂಗಾಲಿಗೆ ಹಚ್ಚುವ ರೂಢಿ ಗ್ರಂಥಗಳಲ್ಲೂ ಇದೆ, ಹಳ್ಳಿಯ ಸೂಲಗಿತ್ತಿಯರಲ್ಲೂ ಇತ್ತು. ಗರ್ಭಪಾತಿನಿ ಎಂಬ ಇನ್ನೊಂದು ಹೆಸರು ಇದಕ್ಕಿರುವುದು ಸುಮ್ಮನೆ ಅಲ್ಲ. ನಮ್ಮ ದೇಶದ ಔಷಧ ನಿಯಮಾವಳಿಯ ಇ-1 ಅನುಸೂಚಿಯ ವಿಷದ್ರವ್ಯಗಳ ಪಟ್ಟಿಯಲ್ಲಿ ಲಾಂಗಲಿ ಇದ್ದು, ಇದು ಸೇರಿದ ಒಳಸೇವನೆಯ ಔಷಧದ ಮೇಲೆ ವೈದ್ಯರ ನಿಗಾದಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಮುದ್ರಿಸಬೇಕು. ಗೌಟ್‌ಗೆ ಮಾತ್ರೆ ಇದೆಯೆಂದು ಗೆಡ್ಡೆ ತಿನ್ನಬಹುದೆಂಬ ತರ್ಕ ಇಲ್ಲಿ ನಡೆಯುವುದಿಲ್ಲ: ಮಾತ್ರೆಯಲ್ಲಿರುವುದು ತೂಗಿದ ಅರ್ಧ ಮಿಲಿಗ್ರಾಂ, ಗೆಡ್ಡೆಯಲ್ಲಿರುವುದನ್ನು ತೂಗಿದವರಿಲ್ಲ.

ನಾನು ಇಷ್ಟೆಲ್ಲ ಹೇಳಿದ್ದನ್ನು ರೈತರ ತಾಯಿ ಒಂದೇ ಮಾತಿನಲ್ಲಿ ಹೇಳಿದ್ದರೆಂದು ಆಮೇಲೆ ಗೊತ್ತಾಯಿತು. ಮರುವಾರ ಹೊಲ ನೋಡಲು ಹೋದಾಗ ಆಕೆ ಚೀಲದ ಬಾಯಿ ಬಿಚ್ಚಿ ನೋಡಿ, ಮಗನ ಕಡೆ ತಿರುಗಿ, “ಇದು ಅಕ್ಕತಂಗಿ ಬಳ್ಳಿ ಗೆಡ್ಡೆ ಕಣಪ್ಪ. ಚೀಲ ಬಂದ ದಿನದಿಂದ ನಾನು ಹೇಳ್ತಾ ಇದೀನಿ. ನಮ್ಮವ್ವ ಇದನ್ನ ಮುಟ್ಟಿದ ಕೈಲಿ ಕೂಸು ಎತ್ತಿಕೊಳ್ಳೋಕೆ ಬಿಡ್ತಿರಲಿಲ್ಲ” ಎಂದರು. ಮಗ ನನ್ನ ಮುಖ ನೋಡಿ, “ಅಮ್ಮ ಹಳೇ ಕಾಲದೋರು ಸಾರ್, ಎಲ್ಲದಕ್ಕೂ ಬೇಡ ಅಂತಾರೆ ಅಂದ್ಕೊಂಡಿದ್ದೆ” ಎಂದರು. ಮನೆಯಲ್ಲಿ ಗಿಡವನ್ನು ಗುರುತಿಸಬಲ್ಲವರು ಒಬ್ಬರಿದ್ದರು. ಕರಪತ್ರದ ಬಣ್ಣದ ಮುಂದೆ ಅವರ ಮಾತಿಗೆ ಬೆಲೆ ಬರಲಿಲ್ಲ, ಅಷ್ಟೆ.

ಮುಂಗಡ ವಾಪಸು ಬರುವ ಸೂಚನೆ ಇರಲಿಲ್ಲ. ಬೆಳೆ ಸುಳ್ಳೇನೂ ಅಲ್ಲ. ಸುಳ್ಳಾದದ್ದು ಅದರ ಹೆಸರು ಮತ್ತು ಗುಣ. ಆದ್ದರಿಂದ ಅರ್ಧ ಎಕರೆಯ ಯೋಜನೆಯನ್ನು ಐದು ಗುಂಟೆಗೆ ಇಳಿಸಿ, ಮುಂಗಡಕ್ಕೆ ಸರಿಹೋಗುವ 100 ಕಿಲೋ ಗೆಡ್ಡೆಯನ್ನಷ್ಟೇ ತೆಗೆದುಕೊಳ್ಳುವುದೆಂದು ತೀರ್ಮಾನವಾಯಿತು. ಕಿಲೋಗೆ 350 ರೂಪಾಯಿಯಂತೆ 35,000. ಅಷ್ಟು ದುಡ್ಡು ಕೊಡುವ ಬದಲು ಜೋಗಿಮಟ್ಟಿ ಗುಡ್ಡದಲ್ಲಿ ಅಗೆದು ತಂದರಾಗದೇ ಎಂದು ಅವರ ಭಾವಮೈದುನ ಕೇಳಿದ. ಜೋಗಿಮಟ್ಟಿ ವನ್ಯಧಾಮ, ಅಲ್ಲಿ ಗೆಡ್ಡೆ ಅಗೆಯುವುದು ಅಪರಾಧ, ಹಾಗೆ ಅಗೆದೇ ಈ ಬಳ್ಳಿ ಎಷ್ಟೋ ಕಾಡುಗಳಲ್ಲಿ ತೆಳುವಾಗಿರುವುದು. ಆ ಮಾತನ್ನು ಅಲ್ಲಿಗೇ ನಿಲ್ಲಿಸಿದೆವು.

ಮಣ್ಣಿನ ಪ್ರಶ್ನೆಗೆ ಉತ್ತರ ಸುಲಭವಿತ್ತು. ನೀರು ನಿಲ್ಲದ ಕೆಂಪು ಗೋಡು, ರಸಸಾರ (ಪಿಎಚ್) 5.5ರಿಂದ 7ರೊಳಗೆ: ಇಷ್ಟು ಇದ್ದರೆ ಗಿಡ ತಕರಾರು ಮಾಡುವುದಿಲ್ಲ. ಅವರ ಅಡಿಕೆ ತೋಟದ ಮೇಲುಗಡೆಯ ಇಳಿಜಾರು ತಕ್ಕುದಾಗಿತ್ತು. ಎರೆ ಹೊಲದಲ್ಲಿ ಹಾಕುತ್ತೇನೆಂದಿದ್ದರೆ ಬೇಡವೆನ್ನುತ್ತಿದ್ದೆ. ನೀರು ನಿಂತರೆ ಗೆಡ್ಡೆ ಕೊಳೆಯುವುದಕ್ಕೆ ಒಂದು ವಾರ ಬೇಡ.

ನಾಟಿಯನ್ನು ಮೃಗಶಿರಾ ಮಳೆಯ ಕೊನೆಗೆ ಇಟ್ಟುಕೊಂಡೆವು. ಗೆಡ್ಡೆಯ ಪ್ರತಿ ಕವಲಿನ ಚೂಪು ತುದಿಯಲ್ಲಿ ಒಂದೇ ಒಂದು ಮೊಳಕೆಗಣ್ಣು ಇರುತ್ತದೆ; ಆಲೂಗಡ್ಡೆಯಂತೆ ಮೈತುಂಬ ಕಣ್ಣುಗಳಿಲ್ಲ. ತುದಿ ಮುರಿದರೆ ಆ ಕವಲು ಸತ್ತಂತೆ. ಲಾರಿಯಲ್ಲಿ ಚೀಲದ ಮೇಲೆ ಚೀಲ ಬಿದ್ದು ಬಂದ ಗೆಡ್ಡೆಗಳಲ್ಲಿ ತುದಿ ಮುರಿದವು ಬಹಳ ಇದ್ದವು. ಅವನ್ನು ಆರಿಸಿ ತೆಗೆದು, ಉಳಿದವನ್ನು ಶಿಲೀಂಧ್ರನಾಶಕದ ನೀರಿನಲ್ಲಿ ಅರ್ಧ ಗಂಟೆ ಅದ್ದಿ, ಸಾಲಿನಿಂದ ಸಾಲಿಗೆ ಎರಡಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಟ್ಟು ನೆಟ್ಟರು.

ದುರ್ಘಟನೆ ನಡೆದದ್ದು ಆಗ. ಆರಿಸಿ ತೆಗೆದ ಮುರುಕು ಗೆಡ್ಡೆಗಳನ್ನು ಆಳೊಬ್ಬ ಬುಟ್ಟಿಯಲ್ಲಿ ತುಂಬಿ, ಎಲ್ಲ ಕಸವನ್ನೂ ಹಾಕುವಂತೆ, ತಿಪ್ಪೆಗೆ ಸುರಿದ. ಪಕ್ಕದ ಮನೆಯ ಮೇಕೆ ಮರುದಿನ ಬೆಳಿಗ್ಗೆ ಅಲ್ಲಿ ಬಾಯಾಡಿಸಿತು. ಸಂಜೆಗೆ ಬಾಯಿಯಲ್ಲಿ ನೊರೆ, ನಿಲ್ಲದ ಭೇದಿ. ಇನ್ನೊಂದು ಹಗಲು ಕಳೆಯುವಷ್ಟರಲ್ಲಿ ಸತ್ತಿತು. ಪಶುವೈದ್ಯರು ಬಂದರೂ ಮಾಡಲು ಏನೂ ಉಳಿದಿರಲಿಲ್ಲ. ಮೇಕೆಯ ಬೆಲೆಯನ್ನು ರೈತರು ಕಟ್ಟಿಕೊಟ್ಟರು, ಮಾತುಕತೆ ಕೆಲವು ವಾರ ಕೆಟ್ಟಿತು. ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. ಅಡುಗೆಮನೆಯಿಂದ ದೂರ, ಮಕ್ಕಳಿಂದ ದೂರ, ಗೆಣಸಿನ ಚೀಲದ ಬಳಿ ಬೇಡ ಎಂದೆಲ್ಲ ಪಟ್ಟಿ ಬರೆದುಕೊಟ್ಟವನು ನಾನೇ; ತಿಪ್ಪೆ ನನ್ನ ಪಟ್ಟಿಯಲ್ಲಿ ಇರಲಿಲ್ಲ. ಹಳ್ಳಿಯಲ್ಲಿ ಬೇಡವಾದದ್ದೆಲ್ಲ ಸೇರುವ ಜಾಗ ತಿಪ್ಪೆ, ದನ ಮೇಕೆ ಕೋಳಿ ಎಲ್ಲ ಕೆದಕುವ ಜಾಗವೂ ತಿಪ್ಪೆ. ಆಮೇಲೆ ಉಳಿದ ಮುರುಕನ್ನೆಲ್ಲ ಮೂರಡಿ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿಸಿದೆವು, ಹೊಲದ ಸುತ್ತ ಬೇಲಿಗೆ ಮುಳ್ಳುತಂತಿ ಬಂತು.

ಆರಿದ್ರಾ ಮಳೆಗೆ ಮೊಳಕೆ ಎದ್ದಿತು. ಈ ಬಳ್ಳಿಗೆ ಹಿಡಿದು ಹತ್ತುವ ಕುಡಿ ಬೇರೆಯಾಗಿ ಇಲ್ಲ. ಎಲೆಯ ತುದಿಯೇ ಸುರುಳಿಯಾಗಿ ಸಿಕ್ಕಿದ್ದನ್ನು ಹಿಡಿಯುತ್ತದೆ. ತಮಿಳುನಾಡಿನಲ್ಲಿ ಮುಳ್ಳುಗಿಡದ ಕೊಂಬೆಗಳನ್ನು ಜೀವಂತ ಗೂಟವಾಗಿ ನೆಟ್ಟು ತಂತಿ ಎಳೆಯುತ್ತಾರೆ. ಇಲ್ಲಿ ಗೊಬ್ಬರದ ಗಿಡದ ಗೂಟ, ನಡುವೆ ಅಡಿಕೆ ದಬ್ಬೆ, ಮೇಲೆ ತಂತಿ. ಇದಕ್ಕೆ ತಗುಲಿದ ಖರ್ಚು 12,000 ರೂಪಾಯಿ ದಾಟಿತು. ಆಶ್ಲೇಷ ಮಳೆಯ ಹೊತ್ತಿಗೆ ಲಿಲ್ಲಿ ಹುಳು ಕಾಣಿಸಿತು: ಕಪ್ಪು ಮೈಮೇಲೆ ಹಳದಿ ಬಿಳುಪು ಕೆಂಪು ಗುರುತುಗಳ, ನೋಡಲು ಚೆಂದದ ಹುಳು. ಮನುಷ್ಯನನ್ನು ಕೊಲ್ಲುವ ಎಲೆ ಅದಕ್ಕೆ ಅನ್ನ. ಬೆಳಿಗ್ಗೆ ಬೆಳಿಗ್ಗೆ ಕೈಯಿಂದ ಆರಿಸಿ ಸೋಪಿನ ನೀರಿಗೆ ಹಾಕಿದ್ದೇ ಹೆಚ್ಚು ಫಲ ಕೊಟ್ಟಿತು. ಬೇವಿನೆಣ್ಣೆಯನ್ನೂ ಎರಡು ಸಲ ಸಿಂಪಡಿಸಿದರು.

ಹೂ ಬಂದ ಮೇಲೆ ನಿಜವಾದ ಕೆಲಸ. ಈ ಹೂವನ್ನು ಹತ್ತಿರದಿಂದ ನೋಡದವರಿಗೆ ಈ ಬೆಳೆಯ ಖರ್ಚು ಅರ್ಥವಾಗುವುದಿಲ್ಲ. ಆರು ದಳಗಳೂ ಹಿಂದಕ್ಕೆ ಬಾಗಿ ಮೇಲೆ ಎದ್ದಿರುತ್ತವೆ, ಅಂಚು ಅಲೆಅಲೆ. ಅರಳಿದ ದಿನ ಹಸಿರು ಹಳದಿ, ಆಮೇಲೆ ಹಳದಿ ಕೆಂಪು, ಕೊನೆಗೆ ಪೂರ್ತಿ ಕೆಂಪು. ಕೇಸರಗಳು ಛತ್ರಿಯ ಕಡ್ಡಿಗಳಂತೆ ಸುತ್ತಲೂ ಚಾಚಿರುತ್ತವೆ. ತುದಿಯಲ್ಲಿ ಪರಾಗ ಹಿಡಿಯುವ ಹೆಣ್ಣುಕಡ್ಡಿಯಾದ ಶಲಾಕೆ ಮಾತ್ರ, ಮುಂದೆ ಕಾಯಿಯಾಗುವ ಅಂಡಾಶಯದಿಂದ ಹೊರಡುವಾಗಲೇ ಮೊಣಕೈ ಮಡಿಚಿದಂತೆ ಒಂದು ಪಕ್ಕಕ್ಕೆ ತಿರುಗಿಬಿಡುತ್ತದೆ, ತನ್ನದೇ ಹೂವಿನ ಪರಾಗ ತನಗೆ ಬೇಡವೆಂಬಂತೆ. ಕಾಡಿನಲ್ಲಿ ಚಿಟ್ಟೆಯೋ ಸೂರಕ್ಕಿಯೋ ಹೂವಿನಿಂದ ಹೂವಿಗೆ ಹಾರುವಾಗ ರೆಕ್ಕೆಗೆ ತಗುಲಿ ಈ ಕೆಲಸ ನಡೆಯುತ್ತದೆ. ಹೊಲದಲ್ಲಿ ಅದನ್ನು ನಂಬಿದರೆ ಕಾಯಿ ಕಟ್ಟುವುದಿಲ್ಲ.

ಹೀಗಾಗಿ ಇಬ್ಬರು ಹೆಣ್ಣಾಳುಗಳು ದಿನವೂ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ, ಒಂದೂವರೆ ತಿಂಗಳು, ಒಂದು ಹೂವಿನ ಪರಾಗಕೋಶವನ್ನು ಕಿತ್ತು ಇನ್ನೊಂದು ಹೂವಿನ ಶಲಾಕೆಯ ತುದಿಗೆ ಮುಟ್ಟಿಸುತ್ತ ಸಾಲಿನಿಂದ ಸಾಲಿಗೆ ನಡೆದರು. ಬೆರಳಿಗೆ ಹಳದಿ ಹುಡಿ ಅಂಟುವುದರಿಂದ ಅವರು ಇದಕ್ಕೆ ‘ಅರಿಶಿನ ಹಚ್ಚೋದು’ ಎಂದು ಹೆಸರಿಟ್ಟರು. ನನ್ನ ಪಾಠದ ಪರಾಗಸ್ಪರ್ಶ ಎಂಬ ಪದ ಅಲ್ಲಿ ಯಾರಿಗೂ ಬೇಕಾಗಲಿಲ್ಲ. ತೊಂದರೆ ಇನ್ನೊಂದಿತ್ತು: ಇಬ್ಬರಿಗೂ ಎಲೆಅಡಿಕೆಯ ಚಟ. ಅದೇ ಬೆರಳಿನಲ್ಲಿ ಸುಣ್ಣ ಸವರಿ ಬಾಯಿಗಿಟ್ಟುಕೊಂಡರೆ ಏನಾದೀತೆಂದು ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ರೈತರ ತಾಯಿ ಬದುವಿನ ಮೇಲೆ ಒಂದು ಬಕೆಟ್ ನೀರು, ಸೋಪು ಇಟ್ಟು, ಅವರ ಎಲೆಅಡಿಕೆ ಚೀಲವನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಹನ್ನೊಂದು ಗಂಟೆಯವರೆಗೆ ಕೂರುತ್ತಿದ್ದರು. ಕೈಗವಸು ತಂದುಕೊಟ್ಟಿದ್ದೆ, ಅದನ್ನು ಹಾಕಿಕೊಂಡರೆ ಪರಾಗಕೋಶ ಹಿಡಿಯಲಾಗದೆಂದು ಎರಡೇ ದಿನಕ್ಕೆ ತೆಗೆದರು. ಬಕೆಟ್ಟೇ ಕೊನೆಯವರೆಗೆ ನಡೆಯಿತು.

ಒಂದು ಸಾಲನ್ನು ಮುಟ್ಟದೆ ಹಾಗೆಯೇ ಬಿಡಿ ಎಂದು ನಾನೇ ಕೇಳಿಕೊಂಡಿದ್ದೆ. ಆ ಸಾಲಿನಲ್ಲಿ ಹತ್ತು ಹೂವಿಗೆ ಒಂದೋ ಎರಡೋ ಕಾಯಿ. ಅರಿಶಿನ ಹಚ್ಚಿಸಿಕೊಂಡ ಸಾಲುಗಳಲ್ಲಿ ಅರ್ಧಕ್ಕೂ ಹೆಚ್ಚು ಹೂ ಕಾಯಾಯಿತು. ಕೂಲಿ ಎಲ್ಲಿಗೆ ಹೋಯಿತೆಂದು ಲೆಕ್ಕ ಕೇಳಿದ ಭಾವಮೈದುನನನ್ನು ಆ ಸಾಲಿನ ಮುಂದೆ ನಿಲ್ಲಿಸಿದರೆ ಸಾಕಾಯಿತು.

ಗೌರಿ ಹಬ್ಬಕ್ಕೆ ಊರಿನ ಹುಡುಗಿಯರು ಹೂ ಕೇಳಿಕೊಂಡು ಬಂದರು. ಹೂವಿನಲ್ಲೂ ವಿಷವಿದೆ, ಮೇಲಾಗಿ ಒಂದು ಹೂ ಹೋದರೆ ಒಂದು ಕಾಯಿ ಹೋಯಿತು. ಕೊಡಲಿಲ್ಲ. ದೇವರಿಗೆ ಇಲ್ಲವೆಂದ ಮನೆ ಎಂದು ಒಂದಿಷ್ಟು ಮಾತು ಬಂತು.

ಉತ್ತರೆ ಮಳೆ ಆ ವರ್ಷ ಬಿಡದೆ ಹೊಡೆದದ್ದರಿಂದ ಕೆಳಗಿನ ನಾಲ್ಕು ಸಾಲುಗಳಲ್ಲಿ ಎಲೆ ಅಂಗಮಾರಿ ಬಂದು, ಹಿಂದೆಯೇ ಬುಡ ಕೊಳೆಯಿತು. ಇಳಿಜಾರಿನ ತುದಿಗೆ ಬಸಿಗಾಲುವೆ ತೆಗೆಯಬೇಕೆಂದು ನಾಟಿಯ ಸಮಯದಲ್ಲೇ ಮಾತಾಗಿತ್ತು, ಆಗಲಿಲ್ಲ. ಉಳಿದ ಸಾಲುಗಳ ಕಾಯಿಗಳು ಡಿಸೆಂಬರ್ ಕೊನೆಯಿಂದ ಹಸಿರು ಬಿಟ್ಟು ಕಂದಿದವು. ಕಾಯಿ ಪೂರ್ತಿ ಬಿರಿಯುವ ಮುಂಚೆ ಕಿತ್ತು, ನೆರಳಿನಲ್ಲಿ ಹರಡಿ, ವಾರದ ಮೇಲೆ ಬಿಡಿಸಿದರೆ, ದಾಳಿಂಬೆಯ ಒಣ ಬೀಜದಂತೆ ಕೆಂಪು ಗುಂಡು ಬೀಜ. ಬಿಡಿಸುವ ಕೆಲಸವನ್ನು ಮನೆಯೊಳಗೆ ಮಾಡಗೊಡದೆ ತಾಯಿಯವರು ಅಡಿಕೆ ಸುಲಿಯುವ ಚಪ್ಪರದಲ್ಲೇ ಮಾಡಿಸಿ, ಬೀಜವನ್ನು ತಗಡಿನ ಟ್ರಂಕಿಗೆ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ತೂಗಿದಾಗ 6 ಕಿಲೋ 400 ಗ್ರಾಂ. ಚೆನ್ನಾಗಿ ಬಂದ ಬೆಳೆಯಲ್ಲಿ ಹೆಕ್ಟೇರಿಗೆ 200ರಿಂದ 250 ಕಿಲೋ ಎನ್ನುತ್ತಾರೆ. ಆ ಲೆಕ್ಕದಲ್ಲಿ ಐದು ಗುಂಟೆಗೆ 10ರಿಂದ 12 ಕಿಲೋ ಬರಬೇಕಿತ್ತು. ಕೊಳೆತ ಸಾಲು, ಕಲಿಯುವ ಕೈಗಳು ಎರಡನ್ನೂ ಗಣಿಸಿದರೆ ಇದು ಕೆಟ್ಟ ಇಳುವರಿಯೆಂದು ನಾನು ಹೇಳಲಾರೆ.

ಕೆಟ್ಟದ್ದು ಮಾರಾಟ. ಮರಳಿ ಕೊಳ್ಳುತ್ತೇವೆಂದ ಏಜೆಂಟರ ಫೋನು ನವೆಂಬರಿನಿಂದಲೇ ಹತ್ತುತ್ತಿರಲಿಲ್ಲ; ಒಪ್ಪಂದವೆಂಬುದು ಕರಪತ್ರದ ಒಂದು ಸಾಲು, ಸಹಿ ಇರಲಿಲ್ಲ. ಈ ಬೀಜಕ್ಕೆ ಎಪಿಎಂಸಿಯಲ್ಲಿ ಹರಾಜಿಲ್ಲ. ಕೊಳ್ಳುವವರು ಬೆರಳೆಣಿಕೆಯ ವ್ಯಾಪಾರಿಗಳು. ಅವರ ಹಿಂದೆ ಸತ್ವ ತೆಗೆಯುವ ಕಾರ್ಖಾನೆಗಳು. ಅವುಗಳ ಹಿಂದೆ ಪರದೇಶದ ಬೇಡಿಕೆ. ಬೇಡಿಕೆ ಇದ್ದ ವರ್ಷ ಕಿಲೋ ಬೀಜ ಮೂರು ಸಾವಿರ ರೂಪಾಯಿ ದಾಟುತ್ತದೆ, ಇಲ್ಲದ ವರ್ಷ ಅದರ ಮೂರನೇ ಒಂದು ಪಾಲಿಗೂ ಇಳಿಯುತ್ತದೆ. ಈ ಏರಿಳಿತದಿಂದ ಬೇಸತ್ತು ತಮಿಳುನಾಡಿನ ಬೆಳೆಗಾರರೇ ಸರ್ಕಾರ ಬೆಲೆ ನಿಗದಿ ಮಾಡಲಿ ಎಂದು ಕೇಳುತ್ತ ಬಂದಿದ್ದಾರೆ. ಆರು ಕಿಲೋಗೆ ಯಾರೂ ಹೊಳಲ್ಕೆರೆಯವರೆಗೆ ಬರುವುದಿಲ್ಲ. ಕೊನೆಗೆ ದಿಂಡಿಗಲ್ ಜಿಲ್ಲೆಯ ಒಡ್ಡಂಚತ್ರದ ಕಡೆಯ ವ್ಯಾಪಾರಿಯೊಬ್ಬರು ಪಾರ್ಸಲ್ ಕಳಿಸಿದರೆ ಕಿಲೋಗೆ 1,100 ಕೊಡುತ್ತೇನೆಂದರು. ಬಂದದ್ದು 7,040 ರೂಪಾಯಿ. ಗೆಡ್ಡೆ, ಗೂಟ, ತಂತಿಯೇ 47,000. ಅದರ ಮೇಲೆ ಕೂಲಿ, ಮೇಕೆ.

ಮೊದಲ ವರ್ಷದ ಖರ್ಚೆಲ್ಲ ಬಂಡವಾಳವೇ ಹೊರತು ನಷ್ಟವಲ್ಲ ಎನ್ನುವ ವಾದವೊಂದಿದೆ. ಗೆಡ್ಡೆ ನೆಲದಲ್ಲೇ ಉಳಿಯುತ್ತದೆ, ಬೇಸಿಗೆಯಲ್ಲಿ ಬಳ್ಳಿ ಒಣಗಿ ಮಲಗಿ, ಮುಂಗಾರಿಗೆ ಹಳೆಯ ಗೆಡ್ಡೆಯ ಬದಲು ಹೊಸ ಕವಲಿನಿಂದ ಏಳುತ್ತದೆ. ಐದು ವರ್ಷದವರೆಗೆ ಅಗೆಯದೆ ಬೆಳೆ ತೆಗೆಯಬಹುದು. ವಾದ ತಪ್ಪಲ್ಲ. ಆದರೆ ಐದು ವರ್ಷವೂ ಹೂವಿನ ಕಾಲದಲ್ಲಿ ಅರಿಶಿನ ಹಚ್ಚುವ ಕೈಗಳು ಬೇಕು, ಅದೇ ಹೊತ್ತಿಗೆ ಈ ಸೀಮೆಯಲ್ಲಿ ಈರುಳ್ಳಿ ಕೀಳುವುದೂ ಅಡಿಕೆ ಕೊಯ್ಲಿನ ತಯಾರಿಯೂ ಶುರುವಾಗಿರುತ್ತದೆ. ಕರಪತ್ರದ ಲೆಕ್ಕದಲ್ಲಿ ಕೂಲಿಗೆ ಒಂದು ಸಾಲೂ ಇರಲಿಲ್ಲ.

ರೈತರು ಎರಡನೆಯ ವರ್ಷ ಜಾಗ ಹೆಚ್ಚಿಸಲೂ ಇಲ್ಲ, ಕಿತ್ತುಹಾಕಲೂ ಇಲ್ಲ. ಬಸಿಗಾಲುವೆ ತೆಗೆದರು. ಬೇಲಿಯ ಬಾಗಿಲಿಗೆ ಒಂದು ತಗಡು ಕಟ್ಟಿ, “ಇದು ಗೆಣಸಲ್ಲ, ವಿಷ” ಎಂದು ಬರೆಸಿದರು. ಓದು ಬಾರದವರಿಗಾಗಿ ತಾಯಿಯವರು ಅದರ ಕೆಳಗೆ ಒಂದು ಬೇವಿನ ಸೊಪ್ಪಿನ ಕಟ್ಟನ್ನೂ ಹಳೆಯ ಪೊರಕೆಯನ್ನೂ ತೂಗುಹಾಕಿಸಿದ್ದಾರೆ. ಊರಿನಲ್ಲಿ ಅದು ಇದ್ದ ಕಡೆ ಯಾರೂ ಕೈಯಿಕ್ಕುವುದಿಲ್ಲ. ಈ ಜೂನ್ ಮೊದಲ ವಾರ ನಾನು ಹೋದಾಗ ಮೇಲಿನ ಸಾಲುಗಳಲ್ಲಿ ಒಂದು ಗೆಡ್ಡೆ ನೆಟ್ಟಲ್ಲಿ ಎರಡೆರಡು ಮೊಳಕೆ ಎದ್ದಿದ್ದವು. ಕೆಳಗಿನ ನಾಲ್ಕು ಸಾಲು ಖಾಲಿ ಇತ್ತು. ಅಲ್ಲಿ ಏನು ಹಾಕುತ್ತೀರಿ ಎಂದು ಕೇಳಿದೆ. “ಗೆಣಸು ಮಾತ್ರ ಹಾಕಲ್ಲ ಸಾರ್” ಎಂದರು.